ಮುಂಗೈ

ಭಾಲ್ಕಿಯಾಚೆ ಹವೀಜ ಹೂಬಿಟ್ಟ ಮಡಿಯಲ್ಲಿ
ಮಂಡಿಯೂರಿ ಕೂತಿದ್ದೆ, ಕಣ್ಣಿಗೆ ಭೂತಗನ್ನಡಿ.
ರೆಕ್ಕೆ ಎರಡೇ. ಜೇನಲ್ಲ,
ಕಣಜದ ಅಂಗಿ ತೊಟ್ಟ ನೊಣ.

ಹೊಟ್ಟೆಯ ಮೂರನೇ ಪಟ್ಟಿ ನೋಡಬೇಕು:
ಮೇಲೆ ತೆಳು ಮೀಸೆ,
ಕೆಳಗೆ ಸೀರೆಯ ದಡಿಯಂಥ ಕಪ್ಪು ಇದ್ದರೆ ಒಂದು ಜಾತಿ;
ಓರೆ ನಿಂತ ಹಳದಿ ಚಂದ್ರದ ಜೋಡಿ ಇದ್ದರೆ
ಇನ್ನೊಂದು.

ಕಸ ತೆಗೆಯುತ್ತಿದ್ದ ನೀಲಗಂಗಮ್ಮ ಎದ್ದು ಬಂದಳು.
"ಕಡೀತಾವೇನ್ರೀ?"
"ಇಲ್ಲವ್ವ."
"ಮತ್ಯಾಕ ಇಷ್ಟು ನೋಡೋದು?"

ಅಷ್ಟರಲ್ಲೊಂದು,
ಗಾಳಿಗೆ ಮೊಳೆ ಹೊಡೆದಂತೆ ನಿಂತಿದ್ದು,
ಆಕೆಯ ಮುಂಗೈಗಿಳಿಯಿತು
ಹಚ್ಚಿಬಟ್ಟಿನ ಹಸಿರು ಚುಕ್ಕಿಗಳ ನಡುವೆ
ಬೆವರು ನೆಕ್ಕಲು.
ಇಬ್ಬರೂ ಉಸಿರು ಹಿಡಿದೆವು.
ಮೀಸೆಯೋ, ಚಂದ್ರವೋ,
ಬಗ್ಗುವುದರೊಳಗೆ ಇಲ್ಲ.

ಪಟ್ಟಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಬರೆದೆ.
ಆಕೆ ಕುರ್ಪಿ ಕೆಳಗಿಟ್ಟು
ಮುಂಗೈ ಹಾಗೇ ಚಾಚಿದ್ದಳು:
"ತಡೀರಿ, ಮತ್ತ ಬರ್ತದ."