ಐದು ರೀಲು

ಚೀಟಿ ಓದಿ ಪಾಂಡೋಜಿ, ಸರ್‌ನೇಮ್ ಅಂದ.
ಯಾರದೋ ಅಡ್ಡಹೆಸರಿರಬೇಕು, ಸುಮ್ಮನಾದೆವು.
ಆಮ್ಯಾಲೆ ಸೇಟು ಫೋನಿನಾಗ ತಿದ್ದಿದ:
ಸುರಿನಾಮ್. ಅದೊಂದು ದೇಶ.
ಎರಡು ಸಾವಿರ ಜೀನ್ಸು, ಹಿಂದಿನ ಕಿಸೆ ಮ್ಯಾಲೆ
ಅವರ ಬಾವುಟದ ಹಳದಿ ಚುಕ್ಕಿ,
ಸ್ವಾತಂತ್ರ್ಯದ ದಿನಕ್ಕ ಮುಟ್ಟಬೇಕು.

ಕೌಲ್ ಬಜಾರದ ಈ ಮಾಳಿಗಿ ಮ್ಯಾಲೆ
ಚುಕ್ಕಿ ನನ್ನ ಪಾಲಿಗೆ ಬಂತು.
ಹೊಲಿಗಿ ಹಾಕೋ ಮುಂಚೆ ಅಳತಿ ಗೊತ್ತಿರಬೇಕಲ್ಲ,
ಲೆಕ್ಕ ಬರಿಯೋ ಫರ್ಹತ್‌ಗ ಕೇಳಿದೆ.
ಆಕಿ ಫೋನು ನೋಡಿ ನೋಡಿ ಹೇಳಿದಳು.

ಮಂದಿ ಆರು ಲಕ್ಷ ಚಿಲ್ಲರೆ.
ನಮ್ಮ ಬಳ್ಳಾರಿ, ಜೋಡಿಗೆ ಸಿರುಗುಪ್ಪ, ಅಷ್ಟೇ ದೇಶ.
ನೆಲದ ತುಂಬಾ ಅಡವಿ, ಮಂದಿಯೆಲ್ಲಾ ಸಮುದ್ರದ ದಂಡಿಗೆ,
ಥಾನು ಹಂಗೇ ಬಿಟ್ಟು ಬರೇ ಅಂಚು ಮಡಚಿ ಹೊಲಿದಂಗ.
ಆಳಿದವರು ಡಚ್ಚರು.
"ಇಂಗ್ಲಿಷರಲ್ಲೇನು?" ಆರೋಗ್ಯಮ್ಮಗ ಬೇಜಾರು,
ಆಕಿ ಮುತ್ತಜ್ಜ ದಂಡಿನ ಬ್ಯಾಂಡಿನಾಗ ಕೊಂಬು ಊದಿದವ.

ಕಬ್ಬಿನ ತೋಟಕ್ಕ ಆಫ್ರಿಕಾದಿಂದ ಸರಪಳಿ ಹಾಕಿ ತಂದರು.
ತಪ್ಪಿಸ್ಕೊಂಡವರು ಅಡವಿಯೊಳಗೇ ಊರು ಕಟ್ಟಿದರು,
ಇವತ್ತಿಗೂ ಅವು ಅವರವೇ.
ಸರಪಳಿ ಬಿಚ್ಚಿದ ಮ್ಯಾಲೆ ಕಲ್ಕತ್ತಾದಿಂದ ಹಡಗು ತುಂಬಾ ಕೂಲಿ,
ಹೆಬ್ಬೆಟ್ಟು ಒತ್ತಿಸಿ, ಐದು ವರ್ಷಕ್ಕ.
ಆಮ್ಯಾಲೆ ಜಾವಾದವರು. ಚೀನಾದವರು ಅಷ್ಟರಾಗ ಅಂಗಡಿ ತೆಗೆದಿದ್ದರು.
"ಎಲ್ಲಾರಿಗಿಂತ ಮೊದಲು ಯಾರಿದ್ದರಬೇ ಅಲ್ಲಿ?"
ಕಾಜಾ ಹಾಕ್ತಿದ್ದ ಮಸ್ತಾನಮ್ಮ ಕೇಳಿದಳು.
ಫರ್ಹತ್ ಬೆರಳಿಂದ ಕೆಳಗ, ಕೆಳಗ, ಕೆಳಗ ಸರಿಸಿದಳು:
"ಅದಾರ. ಕಡೀಗೆ ಬರದಾರ."

ಅಲ್ಲಿ ಮಣ್ಣೂ ಕೆಂಪಂತ.
ಅಗದು ಅಗದು ಹಡಗಿಗೆ ಹಾಕಿದರಂತ, ಅಲ್ಯುಮಿನಿಯಂಗೆ.
ಅದು ಹೇಳೋದು ಬ್ಯಾಡ ಅಂದೆ,
ಕಿಟಕಿ ಸರಳಿನ ಮ್ಯಾಲೆ ಬೆರಳೆಳೆದು ತೋರಿಸಿದೆ.

ಅವರು ಮಾತಾಡೋದೊಂದು ಹಚ್ಚಿದಳು.
ವಾಷಿಂಗಿನ ಬಿರ್ಜು, ಛಪ್ರಾದವ,
ನೀಲಿ ಸೋರೋ ಪ್ಯಾಂಟು ಹಿಡಿದು ಬಾಗಿಲಾಗ ನಿಂತುಬಿಟ್ಟ.
"ಇದು ನಮ್ಮಜ್ಜಿ ಬೈಯೋ ಮಾತು" ಅಂದ.
ಇನ್ನೊಮ್ಮೆ ಹಚ್ಚು ಅಂದ.

ಹಳೇ ಬಾವುಟದಾಗ ಐದು ಚುಕ್ಕಿ ಇದ್ದವಂತ,
ಬಿಳಿ, ಕರಿ, ಕಂದು, ಹಳದಿ, ಕೆಂಪು,
ಒಂದೊಂದು ಮೈಬಣ್ಣಕ್ಕ ಒಂದೊಂದು,
ದುಂಡನ್ನ ಗೆರಿಗೆ ಪೋಣಿಸಿದಂಗ.
ಎಪ್ಪತ್ತೈದರಾಗ ಸ್ವಾತಂತ್ರ್ಯ ಬಂತು,
ಐದೂ ತೆಗೆದು ಒಂದೇ ಇಟ್ಟರು.
"ಒಂದಾಗಿರೋಣ ಅಂತ" ಅಂದಳು ಫರ್ಹತ್.

ಇರಬಹುದು. ನಾ ಹೊಲಿಯಾಕಿ, ನನಗ ಬ್ಯಾರೆ ತಿಳಿತೈತಿ.
ಐದು ಬಣ್ಣ ಅಂದ್ರ ಐದು ರೀಲು,
ಐದು ಸಲ ಮಷೀನು ನಿಂದ್ರಬೇಕು,
ಐದು ಸಲ ದಾರದ ತುದಿ ಬಾಯಾಗಿಟ್ಟು ನೆನಸಬೇಕು.
ಒಂದೇ ಬಣ್ಣ ಅಂದ್ರ ಓಡ್ತೈತಿ, ಸೇಟಿಗೂ ಸಸ್ತಾ.
ಆ ಹೊತ್ತಿನಾಗೇ ಮೂರರಾಗ ಒಂದು ಪಾಲು ಮಂದಿ
ಆಳಿದವರ ದೇಶಕ್ಕೇ ವಿಮಾನ ಹತ್ತಿದರಂತ.
ಯಾವ ರೀಲಿನ ದಾರ ಮೊದಲು ಹರೀತು,
ಫೋನಿನಾಗ ಇರಲಿಲ್ಲ.

ನಮ್ಮಜ್ಜ ಇದೇ ಓಣಿಯಾಗ ಗೋರಾ ಸಿಪಾಯಿಗಳಿಗೆ ಖಾಕಿ ಹೊಲಿದವ.
ಅವರು ಹೋದರು, ಥಾನು ಉಳೀತು.
ದಿಂಬು ಖಾಕಿ, ಸಂತಿ ಚೀಲ ಖಾಕಿ,
ನಮ್ಮಪ್ಪನ ಸಾಲಿ ಚಡ್ಡಿ ಖಾಕಿ.
ಸ್ವಾತಂತ್ರ್ಯ ಬಂದಾಗ ಹೆಂಗಿತ್ತಪಾ ಅಂತ ಕೇಳಿದ್ರ
"ತೊಡಿ ಕಚ್ಚತಿತ್ತು" ಅಂತಿದ್ದ.

ರಾತ್ರಿ ಹನ್ನೊಂದಕ್ಕ ಹಳದಿ ಬಾಬಿನ್ ಖಾಲಿ.
ಮ್ಯಾಲೆ ಹಳದಿ ಇದ್ರ ಸಾಕು, ಕೆಳಗ ಯಾರು ನೋಡ್ತಾರ?
ಡಬ್ಬಿಯಾಗ ಮಿಕ್ಕಿದ್ದ ಬಾಬಿನ್ ಹಾಕ್ಕೋಂತ ಹೋದೆ.
ಕರಿ ಮುಗಿದ ಮ್ಯಾಲೆ ಕಂದು, ಕಂದಿನ ಮ್ಯಾಲೆ ಬಿಳಿ.
ಕೆಂಪು ಇದ್ದದ್ದು ಎರಡು ಗೇಣು,
ಚುಕ್ಕಿಯ ಒಂದು ಮೂಲಿಗೂ ಸಾಲಲಿಲ್ಲ.

ಕಿಸೆಯೊಳಗ ಕೈ ಹಾಕಿದವರ ಉಗುರಿಗೆ
ಎಂದಾರ ಹತ್ತೀತು ಆ ಗಂಟು.
ಪಾಂಡೋಜಿ ಬೆಳಿಗ್ಗೆ ಬಂದು
ಮ್ಯಾಲಿನ ಮಗ್ಗುಲಷ್ಟೇ ನೋಡಿ
ಪಾಸ್ ಅಂದ.