ಎಣ್ಣಿ ಕಲೆ

ಖಡಕಿಯ ಈ ತ್ವಾಟದಾಗ
ಸಾಲಾಗಿ ನಿಂತಾವ ಕಲ್ಲು, ಎಲ್ಲಾ ಒಂದ ಎತ್ತರ.
ಸಾಹೇಬಗೂ ಅಷ್ಟ, ಅಡಗಿ ಮಾಡಾವಗೂ ಅಷ್ಟ.
ಆರಕ್ಕ ಬಂದು ಪೈಪು ಬಿಡತೀನಿ,
ಮೆತ್ತನ ಬ್ರಷ್‌ಲೆ ಪಾಚಿ ತಿಕ್ಕತೀನಿ.
ಸೋಪು ಹಚ್ಚಬಾರದು, ಕಲ್ಲು ತಿಂತದ.
ಅಕ್ಷರ ನನಗ ಬರಂಗಿಲ್ಲ, ಅಂಕಿ ಬರತಾವ:
ಹತ್ತೊಂಬತ್ತು. ಇಪ್ಪತ್ತೆರಡು. ಮತ್ತ ಹತ್ತೊಂಬತ್ತು.
ಹತ್ತೊಂಬತ್ತರ ಕಲ್ಲಿಗೆ ಒಂದೀಟು ಹೆಚ್ಚ ನೀರು ಬೀಳತದ,
ಸೂಪರ್‌ವೈಜರ್ ಧುಮಾಳಗ ಇದು ಗೊತ್ತಿಲ್ಲ.

ನನ್ನ ತಮ್ಮ ಸಂಗನಬಸು
ಹೆಲಿಕಾಪ್ಟರಿನ ನಟ್ಟು ಬಿಗಿಯಾಂವ.
ಹಾರಸಾಂವ ಅಲ್ಲ. ಇದನ್ನ ಅವ ಮದಲ ಹೇಳತಾನ,
ಮಂದಿ ಕೇಳೂಕಿಂತ ಮದಲ.
ಹೋದ ತಿಂಗಳ ನಾಕು ಹೆಲಿಕಾಪ್ಟರಿನ ರೆಕ್ಕಿ ಬಿಚ್ಚಿ
ದೊಡ್ಡ ವಿಮಾನದ ಹೊಟ್ಟ್ಯಾಗ ತುಂಬಿದರಂತ,
ಟೆಂಪೋದಾಗ ಎಮ್ಮಿ ಏರಿಸಿದಂಗ,
ಹಿಂದ ದಬ್ಬಿ, ಮುಂದ ಜಗ್ಗಿ.
ಸಮುದ್ರ ದಾಟಿ ಯಾವುದೋ ದೇಶ.
ಅಲ್ಲಿ ಹಳೇ ಯುದ್ಧದ ನೆನಪಿನ ದಿನ,
ನಮ್ಮ ಸಿಪಾಯಿಗೋಳೂ ಅಲ್ಲೇ ಸತ್ತಾರಂತ,
ಅದಕ್ಕ ನಮ್ಮವರ ಆಟ.

'ಆಟ ಅನಬ್ಯಾಡಕ್ಕಾ, ಅದು ಕಲೆ' ಅಂದ ಫೋನಿನ್ಯಾಗ.
ಕಲೆ ಅಂದ್ರ ನನಗ ಗೊತ್ತಿರೂದು ಒಂದ,
ತಿಕ್ಕಿದರ ಹೋಗೂದು, ಇಲ್ಲಾ ಹೋಗಲಾರದ್ದು.

ವಿಡಿಯೋ ಕಳಿಸಿದ್ದ.
ಬೇವಿನ ಬುಡಕ ಕುಂತು ಬುತ್ತಿ ಬಿಚ್ಚಿ ನೋಡಿದೆ.
ನಾಕೂ ಎದುರಾಬದುರು ಬಂದು
ಇನ್ನೇನು ಹಣಿಗೆ ಹಣಿ ಬಡೀಬೇಕು,
ಬಗಲ ಸರಿದು ಹ್ವಾದವು.
ಮುರಿದ ರೊಟ್ಟಿ ಕೈಯಾಗ ಉಳೀತು.
'ನೀ ಎಲ್ಲಿದ್ದಿ ಇದರಾಗ?'
'ನಾ ಕಾಣಂಗಿಲ್ಲ. ತಲಿ ಕೆಳಗ ಹಾಕಿ ನಿಂತಿರತೀನಿ,
ಮುಗಿಲು ನೋಡಿದರ ಕಿವಿ ತಪ್ಪತದ.
ನಾಕು ಸಪ್ಪಳ, ನಾಕೂ ಬ್ಯಾರೆ ಬ್ಯಾರೆ ಕೇಳಬೇಕು.
ಒಂದು ತುಸು ಒಡಕ ಬಂತಂದ್ರ
ಹೊಟ್ಟ್ಯಾಗ ಹುಣಸೀಹಣ್ಣು ಕಿವುಚಿದಂಗ.'

ಮಂದಿ ಚಪ್ಪಾಳಿ ಬಡಿಯೂ ಹೊತ್ತಿನ್ಯಾಗ
ಮುಂದಿನ ಸಾಲಿನ ಒಬ್ಬ ಮುದುಕ
ಕುರ್ಚಿ ಬಿಟ್ಟು ಅದರ ಕೆಳಗ ಸೇರಿದನಂತ,
ಎರಡೂ ಕಿವಿ ಮುಚ್ಚಿಕೊಂಡು.
ಸಿಪಾಯಿ ಅಲ್ಲ, ಆ ಊರಾಂವ,
ಯುದ್ಧದಾಗ ಆರು ವರ್ಷದ ಹುಡುಗ.
ಬಣ್ಣದ ಹೊಗಿ ಮ್ಯಾಲಿಂದ ಇಳೀತಿತ್ತು.
ಸಂಗನಬಸು ಓಡಿ ಹೋಗಿ ನೀರು ಕೊಟ್ಟ.
ಒಬ್ಬರ ಮಾತು ಒಬ್ಬರಿಗೆ ತಿಳೀಲಿಲ್ಲ.
ಮುದುಕ ಇವನ ಅಂಗಿ ತೋಳು ಹಿಡದಾವ
ನಾಕೂ ಇಳಿದು ರೆಕ್ಕಿ ನಿಲ್ಲೂತನಕಾ ಬಿಡಲಿಲ್ಲ.

'ಅಲ್ಲಿ ನಮ್ಮವರ ಗೋರಿ ಅದಾವೇನು?'
'ಗೋರಿ ಇಲ್ಲ, ಸುಟ್ಟಾರ. ಒಂದು ಗ್ವಾಡಿ ಐತಿ, ಹೆಸರು ಕೆತ್ಯಾರ.
ಒಬ್ಬ ಲಗಮಣ್ಣ ಅಂತ,
ನಮ್ಮ ಕಡೆಯಾಂವ ಇರಬೇಕು.'
'ಪಾಚಿ ಐತೇನು?'
'ಏನಕ್ಕಾ?'
'ಗ್ವಾಡಿಗಿ. ಪಾಚಿ. ಯಾರು ತಿಕ್ಕತಾರ? ಗಂಡಸೋ ಹೆಂಗಸೋ?'

ಒಮ್ಮೆ ಇಲ್ಲಿ ಬಂದಿದ್ದಳು ಬಿಳೀ ಟೊಪ್ಪಿಗಿ ಮುದುಕಿ,
ಅಣ್ಣನ ಕಲ್ಲು ಹುಡುಕಿ ಅದಕ್ಕ ಗಲ್ಲ ಹಚ್ಚಿ ಕುಂತಳು.
ಹೋಗೂ ಮುಂದ ನನ್ನ ಕೈ ತಿರುವ್ಯಾಡಿ
ಒಂದೊಂದ ಬೆರಳ ತುದಿ ನೋಡಿದಳು,
ಐನೂರು ರೂಪಾಯಿ ಕೊಟ್ಟಳು.
ಒಲ್ಲೆ ಅನ್ನಲಿಲ್ಲ. ಹೊಸಾ ಬಕೀಟು ತಂದೆ.

ಈಗ ತಮ್ಮ ದನಿ ಸಣ್ಣ ಮಾಡಿದ:
'ಅಕ್ಕಾ, ಒಂದು ತಪ್ಪಾತು.
ಆ ಹೆಸರಿನ ಮ್ಯಾಲ ಧೂಳ ಇತ್ತು,
ಕಿಸೆದಾಗಿನ ಅರಿವಿಲೆ ಒರಿಸಿದೆ.
ಅದು ಡ್ಯೂಟಿ ಅರಿವಿ, ಗ್ರೀಸ್ ಹತ್ತಿತ್ತು.
ಲಗಮಣ್ಣ ಕರ್ರಗಾದ.
ಸಾಹೇಬರು ಇನ್ನೂ ನೋಡಿಲ್ಲ. ಏನ ಮಾಡಲಿ?'

ನಗು ತಡೀಲಿಲ್ಲ.
'ಸೋಪು ಹಚ್ಚಬ್ಯಾಡ.
ಮಾರಿಗೆ ಹಚ್ಚೂ ಪೌಡರ್ ಮೆತ್ತಿ ರಾತ್ರಿ ಬಿಡು, ಎಣ್ಣಿ ಕುಡೀತದ,
ಮುಂಜಾನೆ ಮೆತ್ತನ ಬ್ರಷ್.'
'ಇವತ್ತ ರಾತ್ರಿನ ಹೊರಡತೀವಿ, ರೆಕ್ಕಿ ಬಿಚ್ಚಾಕ ಹತ್ಯಾರ.'
'ಹಂಗಾರ ಬಿಡು' ಅಂದೆ.
ಅಂದಮ್ಯಾಲ ಮನಸ ತಡೀಲಿಲ್ಲ:
'ಅಲ್ಲಿ ಮಳಿ ಹೆಂಗೋ?
ಅಡ್ಡ ಹೊಡೀತದೋ, ನೆಟ್ಟಗ ಬೀಳತದೋ?'

ಫೋನು ಕಟ್ಟಾಗಿತ್ತು.
ಲೋಹಗಾವದ ಕಡಿಂದ ಒಂದು ವಿಮಾನ ಹಾದು ಹ್ವಾತು,
ಕಲ್ಲಿನ ಮ್ಯಾಲಿನ ಮೈನಾ ಕದಲಲಿಲ್ಲ.
ಬುತ್ತಿ ಕಟ್ಟಿದೆ.
ಈ ಸಾಲಿನ್ಯಾಗ ಇನ್ನೂ ಹದಿನಾಕು ಉಳದಾವ.