ನಾಲ್ಕನೆಯ ಅಂತಸ್ತು

ಶುಕ್ರವಾರದೊಳಗೆ ಬರೆದು ಕೊಡಬೇಕಂತೆ
ಒಂದೇ ಒಂದು ಊರಿನ ಹೆಸರು.
ಸಿಯೋಲ್, ಒಸಾಕಾ, ಹಾಂಗ್‌ಕಾಂಗ್, ತೈಪೆ:
ನಾಲ್ಕೂ ಕಡೆ ಕಂಪನಿಗೆ ಲಿಫ್ಟ್ ರಿಪೇರಿಯವರು ಬೇಕು,
ನಲವತ್ಮೂರು ದಾಟಿದ ನನಗೆ
ಕಾಗದ ಬಂದರೆ ತಲುಪುವಂಥ ವಿಳಾಸ ಬೇಕು.

ಜನ ಊರನ್ನು ಹೇಗೆ ಆರಿಸುತ್ತಾರೋ ತಿಳಿಯದು,
ನದಿ ನೋಡಿಯೋ, ಬಾಡಿಗೆ ನೋಡಿಯೋ.
ನಾನು ಕಂಡಿದ್ದೆಲ್ಲ ಒಳಗಿನಿಂದ,
ಉಕ್ಕಿನ ಹಗ್ಗ ಇಳಿಬಿದ್ದ ಕತ್ತಲ ಬಾವಿಯಲ್ಲಿ
ಹೆಲ್ಮೆಟ್ಟಿನ ದೀಪಕ್ಕೆ ಎಷ್ಟು ಕಂಡಿತೋ ಅಷ್ಟು.
ಊರಿನ ಗುಟ್ಟು ಬಾವಿಯ ತಳದಲ್ಲಿರುತ್ತದೆ:
ಒಂಟಿ ಕಿವಿಯೋಲೆ, ಮಹಜಾಂಗಿನ ದಾಳ,
ಲಾಟರಿ ಹೊಡೆಯದ ಅಂಗಡಿ ರಸೀದಿ,
ಒಂದು ಯೆನ್, ಯಾರೂ ಬಗ್ಗಿ ಹುಡುಕದ್ದು.

ಸಿಯೋಲ್ ನನ್ನದೇ ಊರು.
ಅಲ್ಲಿ ಬಾಗಿಲು ನನ್ನ ಭಾಷೆಯಲ್ಲಿ ಮುಚ್ಚುತ್ತದೆ.
'ಮುಚ್ಚು' ಬಟನ್ನಿನ ಬಣ್ಣ ಮಾತ್ರ ಸವೆದಿರುತ್ತದೆ,
'ತೆರೆ' ಎಂಬುದು ಹೊಚ್ಚ ಹೊಸತು.
ಹೆಣ್ಣು ನೋಡುವ ದಿನ ಅವರಮ್ಮ ಕೇಳಿದ್ದು
ಎಷ್ಟನೇ ಮಾಳಿಗೆಯಲ್ಲಿ ನಿಮ್ಮ ಮನೆ ಎಂದು.
ಅಂತಸ್ತು ಅಂದರೆ ಅಲ್ಲಿ ಅಂತಸ್ತೇ.
ಮದುವೆ ಎಂಟು ವರ್ಷ ಬಾಳಿತು,
ಒಳ್ಳೆ ಕಂಪನಿಯ ಮೋಟಾರಿನ ಅರ್ಧ ಆಯಸ್ಸು.

ಒಸಾಕಾದ ಲಿಫ್ಟಿನ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆ,
ಭೂಮಿ ನಡುಗುವ ದಿನಕ್ಕೆ ನೀರು, ಬಿಸ್ಕತ್ತು, ಕಮೋಡು.
ಅವಧಿ ಮುಗಿಯುವ ಹಿಂದಿನ ದಿನ
ಕುರಾಮೋಚಿಯವರೂ ನಾನೂ ಆ ಬಿಸ್ಕತ್ತು ತಿಂದೆವು,
ಬರದೇ ಹೋದ ಕೇಡಿನ ಪ್ರಸಾದ ಎಂಬಂತೆ.
ಬಾಡಿಗೆಗೆ ಕೇಳಿದರೆ ಮೂವರು ಮನೆಯೊಡೆಯರು
ನಡು ಬಗ್ಗಿಸಿ ಇಲ್ಲ ಎಂದರು.
ಅಷ್ಟು ಚಂದದ ಇಲ್ಲ ನಾನು ಬೇರೆಲ್ಲೂ ಕೇಳಿಲ್ಲ.

ಹಾಂಗ್‌ಕಾಂಗಿನಲ್ಲಿ ಕೋಣೆಯೊಂದು ನೋಡಿದೆ.
ಅಳತೆಯ ಟೇಪು ಜೇಬಲ್ಲೇ ಇರುತ್ತದಲ್ಲ:
ಹದಿಮೂರು ಜನರ ಲಿಫ್ಟಿಗಿಂತ ಒಂದು ಗೇಣು ಹೆಚ್ಚು.
ಅಲ್ಲಿ ಮೂರಾದ ಮೇಲೆ ಐದು,
ಹದಿಮೂರಾದ ಮೇಲೆ ಹದಿನೈದು.
ನಾಲ್ಕು ಎಂದರೆ ಸಾವಿನ ಸದ್ದು ಬರುತ್ತದಂತೆ.
ನಮ್ಮಲ್ಲೂ ಹಾಗೇ. ಕಾವಲಿನ ಮಾಕ್ ನಕ್ಕರು:
"ಅಂಕಿ ಕಿತ್ತರೆ ಮಾಳಿಗೆ ಹೋಗುತ್ತದೇನಮ್ಮ?
ಅಲ್ಲೂ ಸಂಸಾರಗಳಿವೆ, ಐದರ ಮುಖವಾಡ ಹಾಕಿಕೊಂಡು."
ಹೊರುವುದಕ್ಕೆ ನಾಲ್ಕು ಜನ ಬೇಕೇ ಬೇಕು,
ಹೊರಲಿಕ್ಕೆ ಮೆಟ್ಟಿಲು ಅಷ್ಟು ಅಗಲವಿಲ್ಲ, ಅಷ್ಟೇ.

ತೈಪೆಯ ಬಗ್ಗೆ ಬರೆಯಲು ಹೆಚ್ಚಿಗೆ ಏನಿಲ್ಲ.
ಹಳೇ ಕಟ್ಟಡ, ಬಿಟ್ಟೂಬಿಡದ ಸೆಕೆ, ಜಿರಲೆ.
ಮೊನ್ನೆ ಸಂಜೆ ಒಬ್ಬ ಹುಡುಗ ಸಿಕ್ಕಿಹಾಕಿಕೊಂಡಿದ್ದ,
ಹೆಸರು ಯೋ-ಚೆಂಗ್, ಮೂರನೇ ಕ್ಲಾಸು.
ನನ್ನ ಹರಕುಮುರುಕು ಚೀನೀಯಲ್ಲಿ
ಕರೆಗಂಟೆಯ ತೂತಿನೊಳಗೆ ಕೂಗಿದೆ:
"ಎಷ್ಟನೇ ಮಾಳಿಗೆ?"
"ನಡುವೆ," ಎಂದ.
ಸ್ವಲ್ಪ ಹೊತ್ತು ಬಿಟ್ಟು, ಅಳು ನುಂಗಿಕೊಂಡು,
"ಆಂಟಿ, ನೀವು?"
ಕೈಯಲ್ಲಿ ಸ್ಪ್ಯಾನರು ಹಾಗೇ ನಿಂತಿತು.
"ನಾನೂ ಅಲ್ಲೇ," ಎಂದೆ.
ಬಾಗಿಲು ಸೀಳಿ ಎತ್ತಿಕೊಂಡಾಗ ಅವನ ಕೈಲೊಂದು ಸೀಬೆಹಣ್ಣು,
ಉಪ್ಪುಹುಳಿ ಪುಡಿ ಉದುರಿಸಿದ್ದು.
ಅರ್ಧ ಕಚ್ಚಿ ಅರ್ಧ ನನಗೆ ಕೊಟ್ಟ.
ಕೊಡುವ ಮೊದಲು ಯೋಚಿಸಿದ, ಅದೂ ನೋಡಿದೆ.

ಇವತ್ತು ಗುರುವಾರ.
ಬಾಡಿಗೆ ಕೋಣೆಗೆ ಹೋಗಲೆಂದು ಲಿಫ್ಟ್ ಹತ್ತಿದವಳು
ಬಟನ್ ಒತ್ತುವುದ ಮರೆತೆ.
ಕಂಪನಿಯ ಫಾರಮ್ಮು ಜೇಬಲ್ಲಿ ಬೆವರಿಗೆ ಮೆತ್ತಗಾಗಿದೆ,
"ಗೂ ಹೆರ್ಯನ್, ಮೆಕ್ಯಾನಿಕ್" ಎಂಬುದರ ಕೆಳಗೆ ಖಾಲಿ ಗೆರೆ.
ದೀಪ ತಾನಾಗಿ ಆರಿತು.
ಯಾರೋ ಎಲ್ಲೋ ಕರೆದರು, ಲಿಫ್ಟ್ ಹೊರಟಿತು.

ಬಾಗಿಲು ತೆರೆದರೆ ಎರಡೂ ಕೈಲಿ ಕಸದ ಚೀಲ ಹಿಡಿದ ಹೆಂಗಸು.
ಬೀದಿಯಲ್ಲಿ ಕಸದ ಲಾರಿಯ ಪಿಯಾನೊ ಹತ್ತಿರಾಗುತ್ತಿತ್ತು.
"ಕೆಳಗೆ ತಾನೇ?"
"ಹೂಂ, ಕೆಳಗೆ. ಒಂದು ಇತ್ತ ಕೊಡಿ, ಲಾರಿ ಬಂದೇಬಿಡ್ತು,"
ಎಂದೆ.
ನೆಲ ಮುಟ್ಟುವ ಹೊತ್ತಿಗೆ ಗೊತ್ತಾಯಿತು,
ಯೋಚಿಸದೇ ಆಡಿದ್ದೆ, ಅವಳ ಮಾತಲ್ಲೇ.